ಪೂರ್ಣ ಸ್ವಯಂಚಾಲಿತ ಶಾಟ್‌ಗನ್ ಒಡೆತನದ ಮೇಲಿನ ಕಾನೂನು ನಿರ್ಬಂಧಗಳು

ಟ್ರಿಗರನ್ನು ಒಮ್ಮೆ ಅದುಮಿ ಹಿಡಿದರೆ, ಬೆರಳು ಸಡಿಲಿಸುವವರೆಗೆ ಅಥವಾ ಮ್ಯಾಗಜೀನಿನಲ್ಲಿರುವ ತೋಟಾಗಳು ಮುಗಿಯುವವರೆಗೆ ತಾನಾಗಿಯೇ ಗುಂಡು ಹಾರಿಸುತ್ತಲೇ ಇರುವ ಚರೆ ಕೋವಿಯನ್ನು ಪೂರ್ಣ ಸ್ವಯಂಚಾಲಿತ ಶಾಟ್‌ಗನ್ ಎನ್ನುತ್ತಾರೆ. ಇಂತಹ ಆಯುಧಗಳ ವಿನ್ಯಾಸಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಖಾಸಗಿ ವ್ಯಕ್ತಿಗಳು ಇವನ್ನು ಹೊಂದುವುದನ್ನು ಬಹುತೇಕ ದೇಶಗಳು ನಿಷೇಧಿಸಿವೆ ಅಥವಾ ಬಿಗಿಯಾಗಿ ನಿರ್ಬಂಧಿಸಿವೆ. ಬಂದೂಕಿನ ಒಡೆತನವನ್ನು ಸಂವಿಧಾನದತ್ತ ಹಕ್ಕೆಂದು ಪರಿಗಣಿಸುವ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯೂ ಇದು ಸಾಮಾನ್ಯ ನಾಗರಿಕರಿಗೆ ಕಾರ್ಯತಃ ನಿಲುಕದ ವಸ್ತುವಾಗಿದೆ. ಈ ವಿಷಯದ ಕಾನೂನು ಅತ್ಯಂತ ವಿಸ್ತಾರವಾಗಿ ಬೆಳೆದಿರುವುದೂ ಅಲ್ಲಿಯೇ.

ಹೆಸರಿನ ಗೊಂದಲ

ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ, 20ನೆಯ ಶತಮಾನದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಪ್ರಸಿದ್ಧ ಕೋವಿಯ ಹೆಸರು 'ಆಟೋ-5'. ಹೆಸರಿನಲ್ಲಿ 'ಆಟೋ' ಇದ್ದರೂ ಅದು ಪೂರ್ಣ ಸ್ವಯಂಚಾಲಿತವಲ್ಲ. ಒಂದು ತೋಟಾ ಸಿಡಿದ ಬಳಿಕ ಮುಂದಿನದು ತಾನಾಗಿ ನಳಿಗೆಗೆ ಸೇರುತ್ತದೆಯಾದರೂ ಪ್ರತಿ ಸಲವೂ ಟ್ರಿಗರನ್ನು ಹೊಸದಾಗಿ ಒತ್ತಲೇಬೇಕು. ಕಾನೂನಿನ ದೃಷ್ಟಿಯಲ್ಲಿ ಇದು ಅರೆಸ್ವಯಂಚಾಲಿತ ಆಯುಧ. ಹಳೆಯ ಜಾಹೀರಾತುಗಳಲ್ಲಿಯೂ ಬೇಟೆಗಾರರ ಮಾತಿನಲ್ಲಿಯೂ 'ಆಟೋಮ್ಯಾಟಿಕ್ ಶಾಟ್‌ಗನ್' ಎಂದು ಕರೆಯಲ್ಪಟ್ಟವುಗಳಲ್ಲಿ ಹೆಚ್ಚಿನವು ಈ ಬಗೆಯವೇ ಆಗಿವೆ.

ಇನ್ನೊಂದು ತಪ್ಪು ತಿಳಿವಳಿಕೆ ಚರೆಗಳಿಗೆ ಸಂಬಂಧಿಸಿದ್ದು. ಶಾಟ್‌ಗನ್ನಿನ ಒಂದೇ ತೋಟಾದಲ್ಲಿ ಹಲವು ಚರೆಗಳಿರುತ್ತವೆ. ದಪ್ಪ ಚರೆಗಳಾದರೆ ಎಂಟೊಂಬತ್ತು, ಸಣ್ಣವಾದರೆ ನೂರಾರು. ಅವೆಲ್ಲವೂ ಒಟ್ಟಿಗೆ ಹೊರಟರೂ ಅದು ಒಂದೇ ಈಡು. ಕಾನೂನು ಎಣಿಸುವುದು ಟ್ರಿಗರಿನ ಒಂದು ಕ್ರಿಯೆಗೆ ಎಷ್ಟು ಈಡುಗಳು ಹಾರುತ್ತವೆ ಎಂಬುದನ್ನೇ ಹೊರತು ಎಷ್ಟು ಚರೆಗಳು ಹೊರಬೀಳುತ್ತವೆ ಎಂಬುದನ್ನಲ್ಲ.

1934ರ ರಾಷ್ಟ್ರೀಯ ಬಂದೂಕು ಕಾಯ್ದೆ

ಮದ್ಯನಿಷೇಧದ ಕಾಲದಲ್ಲಿ ಅಮೆರಿಕದ ನಗರಗಳಲ್ಲಿ ಬೆಳೆದ ಸಂಘಟಿತ ಅಪರಾಧ ಈ ಕಾಯ್ದೆಯ ಹಿನ್ನೆಲೆ. 1929ರ ಫೆಬ್ರುವರಿ 14ರಂದು ಷಿಕಾಗೋದಲ್ಲಿ ಏಳು ಮಂದಿಯನ್ನು ಥಾಂಪ್ಸನ್ ಸಬ್‌ಮಷಿನ್‌ಗನ್ ಮತ್ತು ಶಾಟ್‌ಗನ್‌ಗಳಿಂದ ಕೊಲ್ಲಲಾಯಿತು. ಇಂತಹ ಘಟನೆಗಳ ತರುವಾಯ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಆಡಳಿತದಲ್ಲಿ, 1934ರ ಜೂನ್ 26ರಂದು ಕಾಯ್ದೆ ಅಂಗೀಕಾರಗೊಂಡಿತು.

ಆಯುಧಗಳನ್ನು ನೇರವಾಗಿ ನಿಷೇಧಿಸುವ ಅಧಿಕಾರ ಒಕ್ಕೂಟ ಸರ್ಕಾರಕ್ಕೆ ಇದೆಯೇ ಎಂಬ ಸಂಶಯವಿದ್ದುದರಿಂದ ಕಾಯ್ದೆಯು ತೆರಿಗೆಯ ದಾರಿಯನ್ನು ಹಿಡಿಯಿತು. ಮಷಿನ್‌ಗನ್ನನ್ನು ತಯಾರಿಸಲು ಅಥವಾ ಒಬ್ಬರಿಂದ ಮತ್ತೊಬ್ಬರಿಗೆ ವರ್ಗಾಯಿಸಲು 200 ಡಾಲರ್ ತೆರಿಗೆ, ಜೊತೆಗೆ ಸರ್ಕಾರಿ ದಾಖಲೆಯಲ್ಲಿ ನೋಂದಣಿ ಕಡ್ಡಾಯವಾದವು. ಅಂದಿನ 200 ಡಾಲರ್ ಎಂದರೆ ಹೆಚ್ಚುಕಡಿಮೆ ಒಂದು ಥಾಂಪ್ಸನ್ ಬಂದೂಕಿನ ಬೆಲೆ. ಆದಾಯ ತರುವುದಕ್ಕಿಂತ ಕೊಳ್ಳುವವರನ್ನು ತಡೆಯುವುದೇ ತೆರಿಗೆಯ ಉದ್ದೇಶವಾಗಿತ್ತೆಂಬುದು ಸ್ಪಷ್ಟ. ಹಾಗಿದ್ದರೂ 1937ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸಿಂಧುವಾದ ತೆರಿಗೆಯೆಂದು ಎತ್ತಿಹಿಡಿಯಿತು.

ಟ್ರಿಗರಿನ ಒಂದೇ ಕ್ರಿಯೆಯಿಂದ, ಕೈಯಿಂದ ಮತ್ತೆ ತುಂಬುವ ಅಗತ್ಯವಿಲ್ಲದೆ, ಒಂದಕ್ಕಿಂತ ಹೆಚ್ಚು ಈಡುಗಳನ್ನು ತಾನಾಗಿ ಹಾರಿಸುವ ಯಾವುದೇ ಆಯುಧವು ಈ ಕಾಯ್ದೆಯ ಪ್ರಕಾರ 'ಮಷಿನ್‌ಗನ್' ಆಗಿದೆ. ಪಿಸ್ತೂಲು, ರೈಫಲ್, ಶಾಟ್‌ಗನ್ ಎಂಬ ಭೇದ ಇಲ್ಲಿಲ್ಲ. ಆದ್ದರಿಂದ ಪೂರ್ಣ ಸ್ವಯಂಚಾಲಿತ ಶಾಟ್‌ಗನ್‌ಗೆಂದು ಪ್ರತ್ಯೇಕ ಕಾನೂನು ಅಲ್ಲಿಲ್ಲ. ಅದು ಮಷಿನ್‌ಗನ್ ಎಂದೇ ಪರಿಗಣಿತವಾಗುತ್ತದೆ. ನಳಿಗೆ 18 ಇಂಚಿಗಿಂತ ಗಿಡ್ಡವಾಗಿರುವ ಸಾಮಾನ್ಯ ಶಾಟ್‌ಗನ್‌ಗಳೂ ಇದೇ ಕಾಯ್ದೆಯ ಇನ್ನೊಂದು ವರ್ಗದಲ್ಲಿ ಸೇರಿವೆ. 1939ರ ಮಿಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಅಂತಹ ಗಿಡ್ಡ ನಳಿಗೆಯ ಕೋವಿಯೇ.

ರಂಧ್ರದ ಅಳತೆ

1968ರ ಬಂದೂಕು ನಿಯಂತ್ರಣ ಕಾಯ್ದೆಯು 'ವಿನಾಶಕಾರಿ ಸಾಧನ' ಎಂಬ ಹೊಸ ವರ್ಗವನ್ನು ಸೇರಿಸಿತು. ನಳಿಗೆಯ ರಂಧ್ರ ಅರ್ಧ ಇಂಚಿಗಿಂತ ಅಗಲವಾಗಿರುವ ಆಯುಧಗಳು ಇದರೊಳಗೆ ಬರುತ್ತವೆ. 12 ಗೇಜ್ ಶಾಟ್‌ಗನ್ನಿನ ರಂಧ್ರ ಸುಮಾರು 18.5 ಮಿ.ಮೀ., ಅಂದರೆ ಅರ್ಧ ಇಂಚಿಗಿಂತ ಸಾಕಷ್ಟು ದೊಡ್ಡದು. ಹಾಗಾಗಿ ಕ್ರೀಡೆಗೆ ವಿಶೇಷವಾಗಿ ಯೋಗ್ಯವೆಂದು ಮನ್ನಣೆ ಪಡೆದ ಶಾಟ್‌ಗನ್‌ಗಳಿಗೆ ಕಾಯ್ದೆಯಲ್ಲಿಯೇ ವಿನಾಯಿತಿ ನೀಡಲಾಗಿದೆ. ಹಕ್ಕಿ ಬೇಟೆಗಾರನ ಜೋಡುನಳಿಗೆ ಕೋವಿ ಅಲ್ಲಿ ನಿರಾತಂಕವಾಗಿ ಉಳಿದಿರುವುದು ಈ ವಿನಾಯಿತಿಯ ಬಲದಿಂದ.

ವಿನಾಯಿತಿ ಎಲ್ಲ ಶಾಟ್‌ಗನ್‌ಗಳಿಗೂ ದೊರೆಯುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ತಯಾರಾದ ಯುಎಸ್‌ಎಎಸ್-12 ಕೋವಿಯ ಅರೆಸ್ವಯಂಚಾಲಿತ ರೂಪವನ್ನೂ, ತಿರುಗುವ ಮ್ಯಾಗಜೀನಿನ ಸ್ಟ್ರೈಕರ್-12 ಮತ್ತು ಸ್ಟ್ರೀಟ್‌ಸ್ವೀಪರ್ ಕೋವಿಗಳನ್ನೂ 1994ರಲ್ಲಿ ವಿನಾಶಕಾರಿ ಸಾಧನಗಳೆಂದು ಮರುವರ್ಗೀಕರಿಸಲಾಯಿತು. ಅಲ್ಲಿಯವರೆಗೆ ಅಂಗಡಿಯಲ್ಲಿ ಸಾಮಾನ್ಯ ಕೋವಿಯೆಂದು ಕೊಂಡವರು ಅವನ್ನು ನೋಂದಾಯಿಸಬೇಕಾಯಿತು. ಅವರಿಗೆ ತೆರಿಗೆಯಿಲ್ಲದೆ ನೋಂದಾಯಿಸಲು ಕಾಲಾವಕಾಶ ಕೊಡಲಾಯಿತು.

1986ರ ನಿಷೇಧ

1986ರ ಮೇ 19ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿ ಹಾಕಿದ ಬಂದೂಕು ಮಾಲೀಕರ ರಕ್ಷಣಾ ಕಾಯ್ದೆಯ ಮುಖ್ಯ ಉದ್ದೇಶ ನಿಯಮಗಳನ್ನು ಸಡಿಲಗೊಳಿಸುವುದಾಗಿತ್ತು. ಆದರೆ ಮಷಿನ್‌ಗನ್‌ಗಳ ಮೇಲಿನ ಅತ್ಯಂತ ಕಠಿಣ ನಿರ್ಬಂಧವೂ ಅದರಲ್ಲಿಯೇ ಅಡಗಿದೆ. ನ್ಯೂಜೆರ್ಸಿಯ ಪ್ರತಿನಿಧಿ ವಿಲಿಯಂ ಹ್ಯೂಸ್ ಮಂಡಿಸಿದ ತಿದ್ದುಪಡಿಯ ಪ್ರಕಾರ, ಆ ದಿನಾಂಕಕ್ಕೆ ಮೊದಲೇ ಕಾನೂನುಬದ್ಧವಾಗಿ ಹೊಂದಿದ್ದ ಮಷಿನ್‌ಗನ್‌ಗಳನ್ನು ಬಿಟ್ಟು ಬೇರಾವುದನ್ನೂ ಖಾಸಗಿಯವರು ಹೊಂದುವಂತಿಲ್ಲ, ವರ್ಗಾಯಿಸುವಂತಿಲ್ಲ. ಸೇನೆ, ಪೊಲೀಸ್ ಮೊದಲಾದ ಸರ್ಕಾರಿ ಸಂಸ್ಥೆಗಳಿಗೆ ಇದು ಅನ್ವಯಿಸುವುದಿಲ್ಲ. ಉಲ್ಲಂಘನೆಗೆ 10 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ಪೂರ್ಣ ಸ್ವಯಂಚಾಲಿತ ಶಾಟ್‌ಗನ್‌ಗಳ ಪಾಲಿಗೆ ಇದು ನಿರ್ಣಾಯಕವಾಯಿತು. ಮ್ಯಾಕ್ಸ್‌ವೆಲ್ ಅಚಿಸನ್ 1972ರಲ್ಲಿ ರೂಪಿಸಿದ ಕೋವಿಯ ಹಕ್ಕುಗಳು 1987ರಲ್ಲಿ ಬೇರೊಂದು ಸಂಸ್ಥೆಯ ಪಾಲಾಗಿ, ಅನೇಕ ಬದಲಾವಣೆಗಳ ನಂತರ ಎಎ-12 ಎಂಬ ರೂಪ ತಳೆಯಿತು. ನಿಮಿಷಕ್ಕೆ ಸುಮಾರು 300 ಈಡುಗಳ ವೇಗದ ಈ ಆಯುಧವನ್ನು 2010ರ 'ದಿ ಎಕ್ಸ್‌ಪೆಂಡಬಲ್ಸ್' ಚಲನಚಿತ್ರದಲ್ಲಿ ಕಂಡವರು ಬಹಳ ಮಂದಿ. ಆದರೆ ಅದು ಈ ರೂಪದಲ್ಲಿ ತಯಾರಾದದ್ದು 1986ರ ನಂತರವಾದ್ದರಿಂದ ಸಾಮಾನ್ಯ ನಾಗರಿಕನೊಬ್ಬ ಎಷ್ಟೇ ಹಣ ತೆತ್ತರೂ, ಎಷ್ಟೇ ಅರ್ಜಿ ತುಂಬಿದರೂ ಅದನ್ನು ಕಾನೂನುಬದ್ಧವಾಗಿ ಪಡೆಯಲಾರ.

1986ಕ್ಕೆ ಮೊದಲು ನೋಂದಣಿಯಾದ ಆಯುಧಗಳಿಗೆ ಬೆರಳಚ್ಚು, ಭಾವಚಿತ್ರ, ಹಿನ್ನೆಲೆ ಪರಿಶೀಲನೆ ಮತ್ತು 200 ಡಾಲರ್ ತೆರಿಗೆಯ ಹಳೆಯ ಕ್ರಮ ಮುಂದುವರಿದಿದೆ. 2025ರ ಶಾಸನವೊಂದು ಗಿಡ್ಡ ನಳಿಗೆಯ ಕೋವಿಗಳೇ ಮೊದಲಾದವುಗಳ ತೆರಿಗೆಯನ್ನು 2026ರಿಂದ ಶೂನ್ಯಕ್ಕೆ ಇಳಿಸಿತಾದರೂ ಮಷಿನ್‌ಗನ್ ಮತ್ತು ವಿನಾಶಕಾರಿ ಸಾಧನಗಳ ತೆರಿಗೆಯನ್ನು ಹಾಗೆಯೇ ಉಳಿಸಿತು. ಒಕ್ಕೂಟದ ಕಾನೂನು ಅನುಮತಿಸಿದ್ದನ್ನೂ ರಾಜ್ಯಗಳು ತಮ್ಮ ಗಡಿಯೊಳಗೆ ನಿಷೇಧಿಸಬಹುದು.

ನ್ಯಾಯಾಲಯಗಳ ವ್ಯಾಖ್ಯಾನ

ತನ್ನ ಬಂದೂಕು ಸ್ವಯಂಚಾಲಿತವಾಗಿ ಮಾರ್ಪಾಡಾಗಿದೆಯೆಂದು ಮಾಲೀಕನಿಗೇ ತಿಳಿಯದಿದ್ದರೆ ಅವನು ಅಪರಾಧಿಯೇ? 1994ರ ಸ್ಟೇಪಲ್ಸ್ ಪ್ರಕರಣದಲ್ಲಿ ಈ ಪ್ರಶ್ನೆ ಎದ್ದಿತು. ಅಲ್ಲಿದ್ದುದು ರೈಫಲ್ ಆದರೂ ತತ್ತ್ವ ಎಲ್ಲ ಬಂದೂಕುಗಳಿಗೂ ಒಂದೇ. ಆಯುಧವನ್ನು ಮಷಿನ್‌ಗನ್ ಆಗಿಸುವ ಲಕ್ಷಣಗಳು ಆರೋಪಿಗೆ ತಿಳಿದಿದ್ದವೆಂಬುದನ್ನು ಸರ್ಕಾರವೇ ಸಾಬೀತುಪಡಿಸಬೇಕು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

2024ರ ಕಾರ್ಗಿಲ್ ಪ್ರಕರಣದಲ್ಲಿ 'ಟ್ರಿಗರಿನ ಒಂದೇ ಕ್ರಿಯೆ' ಎಂಬ ಪದಗಳೇ ವಿವಾದದ ಕೇಂದ್ರವಾದವು. 2017ರ ಲಾಸ್ ವೇಗಸ್ ಹತ್ಯಾಕಾಂಡದ ಬಳಿಕ ಸರ್ಕಾರವು 'ಬಂಪ್ ಸ್ಟಾಕ್' ಎಂಬ ಉಪಕರಣವನ್ನು ಮಷಿನ್‌ಗನ್ ಎಂದು ವರ್ಗೀಕರಿಸಿತ್ತು. ಈ ಉಪಕರಣ ಅಳವಡಿಸಿದಾಗಲೂ ಪ್ರತಿ ಈಡಿಗೆ ಟ್ರಿಗರ್ ಬೇರೆಬೇರೆಯಾಗಿ ಕ್ರಿಯೆ ನಡೆಸುತ್ತದೆಂದು 6–3ರ ಬಹುಮತದ ತೀರ್ಪು ಆ ವರ್ಗೀಕರಣವನ್ನು ರದ್ದುಗೊಳಿಸಿತು. ಎರಡೂ ತೀರ್ಪುಗಳನ್ನು ಬರೆದವರು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಎಂಬುದು ಗಮನಾರ್ಹ.

ಇತರ ದೇಶಗಳು

ಬ್ರಿಟನ್ನಿನಲ್ಲಿ 1968ರ ಕಾಯ್ದೆಯ 5ನೆಯ ಪ್ರಕರಣದಡಿ ಸ್ವಯಂಚಾಲಿತ ಆಯುಧಗಳು ನಿಷಿದ್ಧ. 1987ರ ಹಂಗರ್‌ಫರ್ಡ್ ಹತ್ಯಾಕಾಂಡದ ನಂತರ ಸಾಮಾನ್ಯ ಶಾಟ್‌ಗನ್ ಪ್ರಮಾಣಪತ್ರದಡಿ ಹೊಂದಬಹುದಾದ ಕೋವಿಗಳ ಮ್ಯಾಗಜೀನಿಗೆ ಎರಡೇ ತೋಟಾಗಳ ಮಿತಿ ಬಂದಿತು. ಆಸ್ಟ್ರೇಲಿಯಾ 1996ರ ಪೋರ್ಟ್ ಆರ್ಥರ್ ಘಟನೆಯ ಬಳಿಕ ಅರೆಸ್ವಯಂಚಾಲಿತ ಶಾಟ್‌ಗನ್‌ಗಳನ್ನೂ ಬಿಗಿಯಾಗಿ ನಿರ್ಬಂಧಿಸಿತು.

ಭಾರತ

ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯು ಟ್ರಿಗರಿನ ಮೇಲೆ ಒತ್ತಡವಿರುವವರೆಗೆ ಅಥವಾ ಮ್ಯಾಗಜೀನ್ ಬರಿದಾಗುವವರೆಗೆ ಗುಂಡು ಹಾರಿಸುತ್ತಲೇ ಇರುವ ಬಂದೂಕನ್ನು 'ನಿಷೇಧಿತ ಶಸ್ತ್ರ' ಎನ್ನುತ್ತದೆ. ಅಮೆರಿಕದ ವ್ಯಾಖ್ಯೆಯಂತೆ ಇಲ್ಲಿಯೂ ಗಡಿರೇಖೆ ಟ್ರಿಗರ್. 7ನೆಯ ಪ್ರಕರಣದ ಪ್ರಕಾರ ಕೇಂದ್ರ ಸರ್ಕಾರದ ವಿಶೇಷ ಅನುಮತಿಯಿಲ್ಲದೆ ಇಂತಹ ಶಸ್ತ್ರವನ್ನು ಪಡೆಯುವುದು, ಹೊಂದುವುದು, ತಯಾರಿಸುವುದು, ಮಾರುವುದು ಅಪರಾಧ. 2019ರ ತಿದ್ದುಪಡಿಯು ಅಕ್ರಮವಾಗಿ ಹೊಂದಿದವರಿಗೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷಗಳ ಸೆರೆವಾಸವನ್ನು ನಿಗದಿಪಡಿಸಿತು. ನಿಷೇಧಿತ ಶಸ್ತ್ರ ಬಳಸಿ ಸಾವು ಉಂಟುಮಾಡಿದವರಿಗೆ ಮರಣದಂಡನೆಯನ್ನು ಕಡ್ಡಾಯಗೊಳಿಸಿದ್ದ ಉಪಪ್ರಕರಣವನ್ನು 2012ರಲ್ಲಿ ದಲ್ಬೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಸಾಂವಿಧಾನಿಕವೆಂದು ಸಾರಿತು.

ಕೋವಿಯ ವಿಷಯದಲ್ಲಿ ಕೊಡಗಿಗೆ ವಿಶಿಷ್ಟ ಸ್ಥಾನವಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಲ್ಲಿ, 1861ರಲ್ಲಿ, ದೊರೆತ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದರಿಂದ 'ಕೊಡಗಿನಲ್ಲಿ ಯಾವ ಬಂದೂಕನ್ನಾದರೂ ಇಟ್ಟುಕೊಳ್ಳಬಹುದು' ಎಂಬ ಮಾತು ಹುಟ್ಟಿದೆಯಾದರೂ ಅದು ಸರಿಯಲ್ಲ. ವಿನಾಯಿತಿ ಇರುವುದು ಪರವಾನಗಿಯ ಅಗತ್ಯದಿಂದ. ಕೈಲ್ ಮುಹೂರ್ತದಂದು ಹೂವಿಟ್ಟು ಪೂಜಿಸುವ ಒಂಟಿನಳಿಗೆ, ಜೋಡುನಳಿಗೆ ಕೋವಿಗಳಿಗೆ ಅದು ಅನ್ವಯಿಸುತ್ತದೆ. ಪೂರ್ಣ ಸ್ವಯಂಚಾಲಿತ ಕೋವಿಗೆ 7ನೆಯ ಪ್ರಕರಣದ ನಿಷೇಧ ಕೊಡಗಿನಲ್ಲಿಯೂ ಹಾಗೆಯೇ ಇದೆ.