ಹಳೆಯ ಮರದ ಪೀಠೋಪಕರಣಗಳ ಮುಗ್ಗಲು ವಾಸನೆ: ಕಾರಣ, ನಿವಾರಣೆ ಮತ್ತು ವ್ಯಾಪಾರದ ಲೆಕ್ಕ

ಕರಾವಳಿ ಹಾಗೂ ಮಲೆನಾಡಿನ ಹಳೆಯ ಮನೆಗಳಿಂದ ಹೊರಬೀಳುವ ಬೀಟೆ, ತೇಗ ಮತ್ತು ಹಲಸಿನ ಕಪಾಟು, ಮಂಚ, ಪೆಟ್ಟಿಗೆಗಳನ್ನು ಕೊಂಡು, ದುರಸ್ತಿಗೊಳಿಸಿ ಮಾರುವುದು ನಮ್ಮ ಹಲವು ವರ್ತಕ ಬಾಂಧವರ ಉದ್ಯೋಗವಾಗಿದೆ. ಈ ವ್ಯಾಪಾರದಲ್ಲಿ ಬಿರುಕು, ಗೆದ್ದಲು, ಸಡಿಲಗೊಂಡ ಕೀಲು ಮೊದಲಾದ ದೋಷಗಳು ಕಣ್ಣಿಗೆ ಕಾಣುತ್ತವೆ. ಅವುಗಳಿಗೆ ತಕ್ಕಂತೆ ಬೆಲೆಯೂ ನಿಗದಿಯಾಗುತ್ತದೆ. ಆದರೆ ಮುಗ್ಗಲು ವಾಸನೆಯೆಂಬ ದೋಷವು ಖರೀದಿಯ ವೇಳೆ ಲೆಕ್ಕಕ್ಕೆ ಬಾರದೆ, ಮಾರಾಟದ ನಂತರ ಲಾಭವನ್ನೇ ನುಂಗಿಬಿಡುತ್ತದೆ.

ಈ ಮಾತನ್ನು ಅನುಭವದಿಂದಲೇ ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಆಷಾಢದ ಮಳೆಯಲ್ಲಿ ನಾವು ಬೀಟೆಯ ಕಪಾಟೊಂದನ್ನು ಕೊಂಡೆವು. ಶ್ರಾವಣದಲ್ಲಿ ಗೃಹಪ್ರವೇಶವಿದ್ದ ಗ್ರಾಹಕರಿಗೆ ಅದನ್ನು ಒಪ್ಪಿಸಬೇಕಿದ್ದುದರಿಂದ ಅವಸರದಲ್ಲಿ ಹೊರಮೈಗೆ ಪಾಲಿಶ್ ಮಾಡಿಸಿ, ಒಳಗೆ ನುಸಿಗುಳಿಗೆ ಇಟ್ಟು ಕಳುಹಿಸಿದೆವು. ತಿಂಗಳು ಕಳೆಯುವುದರೊಳಗೆ ರೇಷ್ಮೆ ಸೀರೆಗಳಿಗೆಲ್ಲ ಮುಗ್ಗಲು ಹಿಡಿದಿದೆಯೆಂಬ ದೂರು ಬಂದಿತು. ಕಪಾಟನ್ನು ನಮ್ಮ ಖರ್ಚಿನಲ್ಲೇ ಹಿಂದಕ್ಕೆ ತಂದು, ಒಣಗಿಸಿ, ಮತ್ತೆ ಪಾಲಿಶ್ ಮಾಡಿಸುವಷ್ಟರಲ್ಲಿ ಲಾಭ ಉಳಿಯಲಿಲ್ಲ. ಅದೇ ಮನೆಯವರು ಕೇಳಿದ್ದ ಊಟದ ಮೇಜಿನ ಬೇಡಿಕೆಯೂ ಕೈತಪ್ಪಿತು.

ವಾಸನೆಯ ಮೂಲ

ಮರದಲ್ಲಿ ನಿಂತ ತೇವಾಂಶವೇ ಈ ವಾಸನೆಗೆ ಮೂಲ. ಗಾಳಿಯ ಸಾಪೇಕ್ಷ ಆರ್ದ್ರತೆಯು ದೀರ್ಘಕಾಲ ಶೇಕಡಾ 70ನ್ನು ಮೀರಿದರೆ ಮರದ ಮೇಲೆ ಬೂಷ್ಟು ಬೆಳೆಯಲು ಅನುಕೂಲವಾಗುತ್ತದೆ. ಬೂಷ್ಟು ಹೊರಸೂಸುವ ಆವಿರೂಪದ ಸಂಯುಕ್ತಗಳೇ ಮುಗ್ಗಲು ವಾಸನೆಯಾಗಿ ಮೂಗಿಗೆ ತಟ್ಟುತ್ತವೆ. ಹಳೆಯ ಪೀಠೋಪಕರಣಗಳಲ್ಲಿ ಸಾಮಾನ್ಯವಾಗಿ ಹೊರಮೈಗೆ ಮಾತ್ರ ಪಾಲಿಶ್ ಇರುತ್ತದೆ. ಖಾನೆಗಳ ತಳ, ಕಪಾಟಿನ ಹಿಂಬದಿಯ ಹಲಗೆ, ಕಾಲುಗಳ ತುದಿ ಇವು ಬರಿಯ ಮರವಾಗಿಯೇ ಉಳಿದು ತೇವವನ್ನು ಹೀರಿಕೊಳ್ಳುತ್ತವೆ. ಆದುದರಿಂದ ಹೊರಗೆ ಎಷ್ಟು ಪಾಲಿಶ್ ಮಾಡಿದರೂ ಒಳಗಿನ ವಾಸನೆ ಹೋಗದು. ಸುಗಂಧದ್ರವ್ಯ, ನುಸಿಗುಳಿಗೆಗಳು ಅದನ್ನು ಕೆಲವು ದಿನ ಮರೆಮಾಡುತ್ತವೆಯೇ ಹೊರತು ನಿವಾರಿಸುವುದಿಲ್ಲ. ಮೇಲಾಗಿ ನುಸಿಗುಳಿಗೆಯ ವಾಸನೆಯೂ ಮರಕ್ಕೆ ಅಂಟಿಕೊಳ್ಳುತ್ತದೆ.

ನಿವಾರಣೆಯ ಕ್ರಮ

ಮೊದಲನೆಯದಾಗಿ, ಖಾನೆಗಳನ್ನು ಹೊರತೆಗೆದು, ಒಳಗೆ ಅಂಟಿಸಿದ ಹಳೆಯ ಕಾಗದ, ಬಟ್ಟೆಗಳನ್ನು ಪೂರ್ಣವಾಗಿ ಕಿತ್ತುಹಾಕಬೇಕು. ಕೆಲಸಗಾರರು ಮೂಗು ಬಾಯಿಗಳಿಗೆ ಮಾಸ್ಕ್ ಧರಿಸಿ, ಬಯಲಿನಲ್ಲಿ ಒಣ ಬ್ರಷ್‌ನಿಂದ ಬೂಷ್ಟನ್ನು ತೆಗೆಯುವುದು ಕ್ಷೇಮಕರ.

ಎರಡನೆಯದಾಗಿ, ಗಾಳಿಯಾಡುವ ನೆರಳಿನಲ್ಲಿ ಮರವನ್ನು ನಿಧಾನವಾಗಿ ಒಣಗಿಸಬೇಕು. ಕಡುಬಿಸಿಲಿಗಿಟ್ಟರೆ ಹಲಗೆ ಸೀಳಬಹುದು, ಕೀಲು ಸಡಿಲಾಗಬಹುದು. ಗಾಳಿಯ ಆರ್ದ್ರತೆ ಶೇಕಡಾ 90ರಷ್ಟಿದ್ದಾಗ ಮರದ ತೇವಾಂಶವು ಶೇಕಡಾ 20ರ ಸಮೀಪಕ್ಕೆ ಏರುತ್ತದೆ. ಆರ್ದ್ರತೆ ಶೇಕಡಾ 50ಕ್ಕೆ ಇಳಿದರೆ ಅದು ಸುಮಾರು ಶೇಕಡಾ 9ಕ್ಕೆ ಬಂದು ನಿಲ್ಲುತ್ತದೆ. ಮಳೆಗಾಲದಲ್ಲಿ ತೆರೆದ ಅಂಗಳದ ಗಾಳಿಯಿಂದ ಮರ ಒಣಗದಿರುವುದಕ್ಕೆ ಇದೇ ಕಾರಣ. ಆಗ ಮುಚ್ಚಿದ ಕೋಣೆಯಲ್ಲಿ ತೇವ ಹೀರುವ ಯಂತ್ರವನ್ನು ಬಳಸಬೇಕು, ಇಲ್ಲವೇ ಕಾಯಬೇಕು. ತೇವಾಂಶ ಮಾಪಕವೊಂದನ್ನು ಇಟ್ಟುಕೊಂಡರೆ ಊಹೆಗೆ ಅವಕಾಶವಿರುವುದಿಲ್ಲ.

ಮೂರನೆಯದಾಗಿ, ಬಿಳಿ ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒಳಮೈಯನ್ನು ಒರೆಸಿ, ಕೂಡಲೇ ಒಣಬಟ್ಟೆಯಿಂದ ತೇವ ತೆಗೆಯಬೇಕು. ಕಬ್ಬಿಣದ ಮೊಳೆಗಳಿರುವಲ್ಲಿ ಎಚ್ಚರ ಅಗತ್ಯ. ವಿನೆಗರ್ ಕಬ್ಬಿಣದೊಡನೆ ಸೇರಿ, ಮರದಲ್ಲಿನ ಟ್ಯಾನಿನ್ ಅಂಶದೊಂದಿಗೆ ವರ್ತಿಸಿದರೆ ಕಪ್ಪು ಕಲೆ ಉಂಟಾಗುತ್ತದೆ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸುವುದು ಲೇಸು. ಬಟ್ಟೆ ಬಿಳುಪಿಸುವ ಕ್ಲೋರಿನ್ ದ್ರಾವಣವು ಮರದ ಬಣ್ಣ ಕೆಡಿಸುವುದಲ್ಲದೆ ಅದರ ರಂಧ್ರಗಳ ಆಳಕ್ಕೆ ತಲಪುವುದಿಲ್ಲ. ಅದನ್ನು ಬಳಸದಿರುವುದೇ ಒಳಿತು.

ನಾಲ್ಕನೆಯದಾಗಿ, ಅಗಲವಾದ ತಟ್ಟೆಗಳಲ್ಲಿ ಇದ್ದಿಲು ಅಥವಾ ಅಡುಗೆ ಸೋಡವನ್ನಿಟ್ಟು ಬಾಗಿಲು ಮುಚ್ಚಿ ಕೆಲವು ದಿನ ಬಿಡಬೇಕು. ಬಳಿಕ ತಟ್ಟೆಗಳನ್ನು ತೆಗೆದು, 24 ಗಂಟೆ ಬಾಗಿಲು ಮುಚ್ಚಿಟ್ಟು, ತೆರೆದೊಡನೆ ಮೂಸಿ ನೋಡಬೇಕು. ವಾಸನೆಯಿದ್ದರೆ ಕೆಲಸ ಮುಗಿದಿಲ್ಲವೆಂದೇ ಅರ್ಥ.

ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ನಂತರವೇ ಒಳಮೈಯನ್ನು ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಅರಗಿನ ಪಾಲಿಶನ್ನು ಎರಡು ಮೂರು ಬಾರಿ ತೆಳುವಾಗಿ ಹಚ್ಚಬೇಕು. ಅರಗು ಅಳಿದುಳಿದ ವಾಸನೆಯನ್ನು ತಡೆಯುವುದಲ್ಲದೆ ತೇವದ ಪ್ರವೇಶವನ್ನೂ ನಿಧಾನಗೊಳಿಸುತ್ತದೆ. ಒದ್ದೆ ಮರಕ್ಕೆ ಹಚ್ಚಿದರೆ ಇದೇ ಪಾಲಿಶ್ ತೇವವನ್ನು ಒಳಗೇ ಬಂಧಿಸುತ್ತದೆ.

ದಾಸ್ತಾನಿನಲ್ಲಿ ಎಚ್ಚರ

ಶುದ್ಧಗೊಂಡ ಸರಕು ಗೋದಾಮಿನಲ್ಲಿ ಮತ್ತೆ ಮುಗ್ಗಬಾರದು. ನೆಲದಿಂದ ಮೇಲೆ ಮರದ ತುಂಡುಗಳ ಮೇಲಿರಿಸಿ, ಗೋಡೆಯಿಂದ ಕೆಲವು ಅಂಗುಲ ದೂರವಿಟ್ಟು, ಬಾಗಿಲುಗಳನ್ನು ತೆರೆದಿಡಬೇಕು. ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿಡುವ ರೂಢಿಯನ್ನು ಬಿಡುವುದು ಯೋಗ್ಯ.

ವ್ಯಾಪಾರದ ಲೆಕ್ಕ

ಈ ಕ್ರಮಕ್ಕೆ ತಗಲುವ ಸಾಮಗ್ರಿಗಳ ವೆಚ್ಚ ಅಲ್ಪ. ನಿಜವಾದ ವೆಚ್ಚವೆಂದರೆ ಕಾಲ. ಆದ್ದರಿಂದ ಬೆಲೆ ಆಡುವ ಮೊದಲೇ ಖಾನೆ ಎಳೆದು ಮೂಸಿ ನೋಡಿ, ಒಣಗಿಸುವ ವಾರಗಳನ್ನು ಖರೀದಿಯ ಬೆಲೆಯಲ್ಲಿ ಕಳೆಯಬೇಕು. ಸಾಧ್ಯವಾದಷ್ಟೂ ಬೇಸಿಗೆಯಲ್ಲಿ ಕೊಂಡು ಒಣಗಿಸಿಕೊಳ್ಳಬೇಕು. ಮಳೆಗಾಲದ ಖರೀದಿಗೆ ಒಪ್ಪಿಸುವ ದಿನಾಂಕವನ್ನು ಮುಂದಿಟ್ಟು ಹೇಳುವ ಧೈರ್ಯವಿರಬೇಕು. ಹದಿನೈದು ದಿನ ತಡವಾದುದಕ್ಕೆ ಗ್ರಾಹಕರು ಗೊಣಗಬಹುದು. ಮುಗ್ಗಿದ ಕಪಾಟು ಕಳುಹಿಸಿದ ಅಂಗಡಿಗೆ ಅವರು ಮರಳಿ ಬರಲಾರರು.