ನಡು ಮುರಿದು ಗುಂಡು ತುಂಬುವ ವೆಬ್ಲಿ

ಮಲೆನಾಡಿನ, ಕೊಡಗಿನ ಮನೆಗಳಲ್ಲಿ ಜೋಡು ನಳಿಗೆಯ ತೋಟಾ ಕೋವಿಯನ್ನು ಹತ್ತಿರದಿಂದ ಕಂಡವರಿಗೆ ಒಂದು ನೋಟ ಚೆನ್ನಾಗಿ ಗೊತ್ತು. ಹಿಂಬದಿಯ ಕೀಲಿಯನ್ನು ಹೆಬ್ಬೆರಳಿನಿಂದ ಸರಿಸಿದರೆ ಕೋವಿ ನಡುವಿಗೆ ಬಾಗುತ್ತದೆ. ನಳಿಗೆಗಳ ಹಿಂಬಾಯಿ ತೆರೆದುಕೊಳ್ಳುತ್ತದೆ. ಎರಡು ತೋಟೆ ಇಟ್ಟು ಮತ್ತೆ ನೆಟ್ಟಗೆ ಮಾಡಿದರೆ ಆಯಿತು. ಶಿಕಾರಿಯವರ ಬಾಯಲ್ಲಿ ಇದು ‘ಕೋವಿ ಮುರಿಯುವುದು’. ಇದೇ ಉಪಾಯವನ್ನು ಕೈಯಳತೆಯ ಒಂದು ರಿವಾಲ್ವರಿಗೆ ಇಳಿಸಿ, ಬ್ರಿಟಿಷ್ ಸೇನೆ 1887ರಿಂದ ಎರಡು ಮಹಾಯುದ್ಧಗಳ ಆಚೆಯವರೆಗೂ ಸೊಂಟಕ್ಕೆ ಕಟ್ಟಿಕೊಂಡಿತು. ಅದರ ಹೆಸರು ವೆಬ್ಲಿ.

ಯಂತ್ರವಾಗಿ ನೋಡಿದರೆ ವೆಬ್ಲಿ ಬಲು ಅಚ್ಚುಕಟ್ಟು. ಆದರೆ ಅದರ ಒಂದೊಂದು ಭಾಗವೂ ಒಂದು ಭಯಕ್ಕೆ ಹುಡುಕಿಕೊಂಡ ಉತ್ತರ. ಶತ್ರು ನಾಲ್ಕು ಹೆಜ್ಜೆ ದೂರದಲ್ಲಿರುವಾಗ ಗುಂಡು ಖಾಲಿಯಾದರೆ ಏನು ಗತಿ ಎಂಬ ಭಯ ಅದು. ಆ ಭಯ ಯಾರದು, ಯಾರ ಕುರಿತದ್ದು ಎಂದು ಕೇಳಿದಾಗಲೇ ಈ ರಿವಾಲ್ವರಿನ ಕಥೆ ಪೂರ್ತಿ ತಿಳಿಯುತ್ತದೆ.

ಕಚ್ಚಿಕೊಂಡ ಖಾಲಿ ತೋಟೆ

ವೆಬ್ಲಿಗೂ ಮೊದಲು ಬ್ರಿಟಿಷರ ಕೈಯಲ್ಲಿ ರಿವಾಲ್ವರುಗಳು ಇದ್ದವು. 1850ರ ದಶಕದಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ಲಂಡನ್ನಿನಲ್ಲೇ ಕಾರ್ಖಾನೆ ತೆರೆದಿದ್ದ. ಅವನಿಗೆ ಎದುರಾಳಿಯಾಗಿ ಇಂಗ್ಲೆಂಡಿನ ರಾಬರ್ಟ್ ಆಡಮ್ಸ್ ನಿಂತಿದ್ದ. 1880ರಲ್ಲಿ ಸರ್ಕಾರದ್ದೇ ಆದ ಎನ್‌ಫೀಲ್ಡ್ ಕಾರ್ಖಾನೆಯ ರಿವಾಲ್ವರ್ ಸೇನೆಗೆ ಬಂತು.

ಎನ್‌ಫೀಲ್ಡಿನ ತೊಂದರೆ ಇದ್ದದ್ದು ಖಾಲಿ ತೋಟೆ ಹೊರಹಾಕುವ ಕೆಲಸದಲ್ಲಿ. ನಳಿಗೆಯನ್ನು ಬಾಗಿಸಿದರೆ ಸಿಲಿಂಡರ್ ಮುಂದಕ್ಕೆ ಜಾರುತ್ತಿತ್ತು, ತೋಟೆಗಳು ತಾವಾಗಿಯೇ ಉದುರಬೇಕಿತ್ತು. ಕೆಳಗಿನ ತೋಟೆ ಮಾತ್ರ ಹಲವು ಸಲ ಉದುರದೆ ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಕುದುರೆಯ ಮೇಲೆ ಒಂದು ಕೈಯಲ್ಲಿ ಲಗಾಮು ಹಿಡಿದವನು ಇನ್ನೊಂದು ಕೈಯ ಉಗುರಿನಿಂದ ಅದನ್ನು ಕೀಳುತ್ತ ಕೂರುವುದು ಹೇಗೆ? ಎನ್‌ಫೀಲ್ಡ್ ಏಳು ವರ್ಷಕ್ಕೇ ಮೂಲೆಗೆ ಸರಿಯಿತು.

1887ರಲ್ಲಿ ಬರ್ಮಿಂಗ್‌ಹ್ಯಾಮಿನ ಫಿಲಿಪ್ ವೆಬ್ಲಿ ಅಂಡ್ ಸನ್ ಸಂಸ್ಥೆಗೆ 10,000 ರಿವಾಲ್ವರುಗಳ ಗುತ್ತಿಗೆ ಸಿಕ್ಕಿತು. ಬೆಲೆ ಒಂದಕ್ಕೆ 3 ಪೌಂಡ್ 1 ಶಿಲ್ಲಿಂಗ್ 1 ಪೆನ್ನಿ. ಹತ್ತು ವರ್ಷದ ನಂತರ ಈ ಸಂಸ್ಥೆ, ಬೇಟೆಯ ಕೋವಿಗಳಿಗೆ ಹೆಸರಾದ ಸ್ಕಾಟ್ ಮನೆತನದ ಕಂಪನಿಯೊಡನೆ ಸೇರಿಕೊಂಡು ‘ವೆಬ್ಲಿ ಅಂಡ್ ಸ್ಕಾಟ್’ ಆಯಿತು.

ಒಂದು ಒತ್ತು, ಒಂದು ಬಾಗು

ವೆಬ್ಲಿಯನ್ನು ಬಲಗೈಯಲ್ಲಿ ಹಿಡಿದರೆ ಎಡಬದಿಯಲ್ಲಿ, ಹೆಬ್ಬೆರಳಿಗೆ ಎಟಕುವಂತೆ ಒಂದು ಪುಟ್ಟ ಸನ್ನೆ ಇದೆ. ಅದನ್ನು ಒತ್ತಿದರೆ, ಹ್ಯಾಮರಿನ ಮುಂದೆ ಕುದುರೆಯ ರಿಕಾಪಿನ ಆಕಾರದಲ್ಲಿ ನಿಂತ ಚಿಲಕ ಹಿಂದಕ್ಕೆ ಸರಿಯುತ್ತದೆ. ನಳಿಗೆಯೂ ಸಿಲಿಂಡರೂ ಒಟ್ಟಾಗಿ ಕೆಳಕ್ಕೆ ಬಾಗುತ್ತವೆ. ಬಾಗುವಾಗಲೇ ಸಿಲಿಂಡರಿನ ನಡುವಿನಿಂದ ನಕ್ಷತ್ರದಾಕಾರದ ಒಂದು ತಟ್ಟೆ ಮೇಲೇಳುತ್ತದೆ. ಅದರ ಅಂಚು ಆರೂ ತೋಟೆಗಳ ಬುಡವನ್ನು ಒಟ್ಟಿಗೆ ಎತ್ತಿ ಹೊರಕ್ಕೆ ಚೆಲ್ಲುತ್ತದೆ. ಇನ್ನೂ ಸ್ವಲ್ಪ ಬಾಗಿಸಿದರೆ ತಟ್ಟೆ ‘ಟಪ್’ ಎಂದು ತನ್ನ ಜಾಗಕ್ಕೆ ಮರಳುತ್ತದೆ. ಆರು ಗೂಡುಗಳೂ ಖಾಲಿ. ಹೊಸ ತೋಟೆ ತುಂಬಿ ಮೇಲಕ್ಕೆತ್ತಿದರೆ ಚಿಲಕ ತಾನೇ ಕಚ್ಚಿಕೊಳ್ಳುತ್ತದೆ.

ಚಿಲಕ ಸರಿಯಾಗಿ ಕೂರದಿದ್ದರೆ? ಆಗ ಹ್ಯಾಮರ್ ಆ ಚಿಲಕಕ್ಕೇ ತಾಗುತ್ತದೆಯೇ ಹೊರತು ತೋಟೆಯವರೆಗೆ ಹೋಗುವುದಿಲ್ಲ. ಅರ್ಧ ತೆರೆದ ರಿವಾಲ್ವರ್ ಸಿಡಿದು ಹಿಡಿದವನ ಮುಖಕ್ಕೇ ಬಡಿಯದಿರಲಿ ಎಂಬ ಎಚ್ಚರಿಕೆ ಇದು. ಸಿಲಿಂಡರಿನ ಮುಂದುಗಡೆ ಎರಡು ಕಡೆಯೂ ಇಳಿಜಾರಾದ ಉಬ್ಬುಗಳಿವೆ. ಒರೆಗೆ ತುರುಕುವಾಗ ಸಿಲಿಂಡರಿನ ಅಂಚು ತೊಗಲಿಗೆ ಸಿಕ್ಕಿಕೊಳ್ಳದಂತೆ ದಾರಿ ಮಾಡಿಕೊಡುವುದು ಇವುಗಳ ಕೆಲಸ. ಹಿಡಿಯ ಬುಡದಲ್ಲಿರುವ ಬಳೆಗೆ ಹುರಿ ಕಟ್ಟಿ ಕೊರಳಿಗೆ ಹಾಕಿಕೊಂಡರೆ, ಕೈಜಾರಿದರೂ ಆಯುಧ ನೆಲಕ್ಕೆ ಬೀಳದು. ಬಳಸುವವನ ಕೈ ನಡುಗುತ್ತಿರುತ್ತದೆ ಎಂಬುದನ್ನು ಇದನ್ನು ಮಾಡಿದವರು ಎಂದೂ ಮರೆತಿರಲಿಲ್ಲ.

ದಪ್ಪ ಗುಂಡು ಯಾರಿಗಾಗಿ?

ವೆಬ್ಲಿಯ ಹೆಸರಿಗೆ ಅಂಟಿಕೊಂಡ .455 ತೋಟೆಯ ಗುಂಡು ಸುಮಾರು ಹನ್ನೊಂದೂವರೆ ಮಿಲಿಮೀಟರ್ ದಪ್ಪ, 17 ಗ್ರಾಂ ತೂಕದ ಸೀಸದ ಉಂಡೆ. ಹೊರಡುವ ವೇಗ ಸೆಕೆಂಡಿಗೆ 200 ಮೀಟರಿಗೂ ಕಡಿಮೆ, ಅಂದರೆ ಶಬ್ದಕ್ಕಿಂತ ಎಷ್ಟೋ ನಿಧಾನ. ದೂರಕ್ಕೆ ಹೊಡೆಯಲು ಮಾಡಿದ್ದಲ್ಲ ಇದು. ಕೈಗೆ ಸಿಗುವಷ್ಟು ಹತ್ತಿರ ಬಂದ ಮನುಷ್ಯನನ್ನು ನಿಂತಲ್ಲೇ ಕೆಡವಬೇಕು ಎನ್ನುವುದೇ ಇದರ ಹಿಂದಿನ ಲೆಕ್ಕ.

ಆ ಮನುಷ್ಯ ಯಾರು? ವೆಬ್ಲಿ ಬೆಳೆದ ಕಾಲದಲ್ಲಿ ಬ್ರಿಟಿಷ್ ಸೇನೆಯ ಹೋರಾಟ ಬಹುಮಟ್ಟಿಗೆ ವಸಾಹತುಗಳಲ್ಲಿ ನಡೆಯುತ್ತಿತ್ತು. ವಾಯವ್ಯ ಗಡಿಯ ಪಠಾಣ, ಸುಡಾನಿನ ಮರಳುಗಾಡಿನ ಯೋಧ, ಆಫ್ರಿಕದ ಈಟಿ ಹಿಡಿದವನು. ಗುಂಡು ತಗುಲಿದರೂ ಇಂಥವರು ನಿಲ್ಲದೆ ನುಗ್ಗುತ್ತಾರೆ ಎಂಬ ಮಾತು ಅಧಿಕಾರಿಗಳ ವಲಯದಲ್ಲಿ ಬೇರೂರಿತ್ತು. 1898ರಲ್ಲಿ ವೆಬ್ಲಿಗೆಂದು ತುದಿಯಲ್ಲಿ ಆಳವಾದ ಕುಳಿ ಇರುವ ಗುಂಡೊಂದನ್ನು ಹೊರತಂದರು. ಮೈಗೆ ಹೊಕ್ಕಾಗ ಅಗಲವಾಗಿ ಅರಳಿ ಗಾಯ ದೊಡ್ಡದಾಗಲಿ ಎಂದು ಮಾಡಿದ ಕುಳಿ ಅದು. ಅಂಥದೇ ಉದ್ದೇಶದ ರೈಫಲ್ ಗುಂಡು ಕಲ್ಕತ್ತದ ಬಳಿಯ ಡಂಡಂ ಶಸ್ತ್ರಾಗಾರದಲ್ಲಿ ತಯಾರಾಗಿ, ‘ಡಂಡಂ ಗುಂಡು’ ಎಂಬ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. 1899ರ ಹೇಗ್ ಸಮ್ಮೇಳನದಲ್ಲಿ ಇಂಥ ಗುಂಡುಗಳ ನಿಷೇಧದ ಪ್ರಸ್ತಾಪ ಬಂದಾಗ ಬ್ರಿಟಿಷ್ ಪ್ರತಿನಿಧಿ ಸರ್ ಜಾನ್ ಆರ್ಡಾ ಅದನ್ನು ವಿರೋಧಿಸಿದರು. ನಾಗರಿಕ ದೇಶದ ಸೈನಿಕನಿಗೆ ಒಂದು ನ್ಯಾಯ, ‘ಅನಾಗರಿಕ’ನಿಗೆ ಇನ್ನೊಂದು ಎಂಬುದೇ ಅವರ ವಾದದ ತಿರುಳು. ನಿಷೇಧ ಜಾರಿಗೆ ಬಂತು, ಕುಳಿಯ ಗುಂಡು ವೆಬ್ಲಿಯಿಂದ ಹಿಂದೆ ಸರಿಯಿತು. ದಪ್ಪ ಸೀಸದ ಗುಂಡು ಮಾತ್ರ ಉಳಿಯಿತು.

ನಮ್ಮ ನೆಲದಲ್ಲಿ 1878ರ ಆಯುಧ ಕಾಯ್ದೆ ಆಗಲೇ ಜಾರಿಯಲ್ಲಿತ್ತು. ಭಾರತೀಯ ಕೋವಿ ಇಟ್ಟುಕೊಳ್ಳಬೇಕಾದರೆ ಲೈಸೆನ್ಸ್ ಬೇಕು, ಯುರೋಪಿಯನ್ನನಿಗೆ ವಿನಾಯಿತಿ. ಅಧಿಕಾರಿಯ ಸೊಂಟದ ವೆಬ್ಲಿಗೆ ನಿಜವಾದ ಬಲ ಕೊಟ್ಟದ್ದು ಅದರ ದಪ್ಪ ಗುಂಡಿಗಿಂತ ಹೆಚ್ಚಾಗಿ ಈ ಕಾಯ್ದೆ ಎಂದೇ ನನಗೆ ಅನ್ನಿಸುತ್ತದೆ. ಎದುರಿಗಿದ್ದವನ ಕೈ ಬರಿದಾಗಿರುವಂತೆ ಮೊದಲೇ ನೋಡಿಕೊಳ್ಳಲಾಗಿತ್ತು.

ಕೆಸರಿನ ಕಾಲ

ವೆಬ್ಲಿಯ ಮಾರ್ಕ್ 1ರಿಂದ ಮಾರ್ಕ್ 5ರವರೆಗಿನ ಮಾದರಿಗಳಲ್ಲಿ ಹಕ್ಕಿಯ ಕೊಕ್ಕಿನಂತೆ ಬಾಗಿದ್ದ ಹಿಡಿ, 1915ರ ಮೇ ತಿಂಗಳಲ್ಲಿ ಬಂದ ಮಾರ್ಕ್ 6ರಲ್ಲಿ ಚೌಕಾಕಾರ ಪಡೆಯಿತು. ಮೊದಲಿಗೆ ನಾಲ್ಕು ಅಂಗುಲವಿದ್ದ ನಳಿಗೆ ಆರಕ್ಕೆ ಬೆಳೆಯಿತು. ತೂಕ ಒಂದು ಕಿಲೋ ದಾಟಿತು. ಸುಮಾರು ಮೂರು ಲಕ್ಷ ಮಾರ್ಕ್ 6ಗಳು ತಯಾರಾದವು.

ಮೊದಲ ಮಹಾಯುದ್ಧದ ಕಂದಕಗಳಲ್ಲಿ ಮಳೆ, ಕೆಸರು, ಇಲಿ, ಹೆಣ ಎಲ್ಲವೂ ಒಟ್ಟಿಗಿದ್ದವು. ನಾಜೂಕಾದ ಯಂತ್ರಗಳು ಅಲ್ಲಿ ಸೋತವು. ವಾಯವ್ಯ ಗಡಿಯ ಕದನದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದಿದ್ದ ಕರ್ನಲ್ ಫಾಸ್ಬೆರಿ ರೂಪಿಸಿದ ‘ವೆಬ್ಲಿ–ಫಾಸ್ಬೆರಿ’ ಇದಕ್ಕೆ ಒಳ್ಳೆಯ ಉದಾಹರಣೆ. ಹಿಮ್ಮೆಟ್ಟುವ ರಭಸವನ್ನೇ ಬಳಸಿಕೊಂಡು, ಸಿಲಿಂಡರಿನ ಮೇಲಿನ ಅಂಕುಡೊಂಕು ತೋಡುಗಳ ಮೂಲಕ ತಾನೇ ತಿರುಗಿ ಸಜ್ಜಾಗುವ ಜಾಣ ರಿವಾಲ್ವರ್ ಅದು. ಆ ತೋಡುಗಳಿಗೇ ಕೆಸರು ಮೆತ್ತಿಕೊಂಡರೆ ಜಾಣತನ ಅಲ್ಲಿಗೆ ನಿಲ್ಲುತ್ತಿತ್ತು. ಸಾದಾ ವೆಬ್ಲಿ ಮಾತ್ರ ಕೆಸರನ್ನು ಕೊಡವಿಕೊಂಡು ಕೆಲಸ ಮಾಡಿತು. ರಾತ್ರಿ ದಾಳಿಗೆ ಹೋಗುವವರಲ್ಲಿ ಕೆಲವರು ಅದರ ನಳಿಗೆಗೆ ಪ್ರಿಚರ್ಡ್ ಎಂಬ ಕ್ಯಾಪ್ಟನ್ ರೂಪಿಸಿದ ಬಾಯೊನೆಟ್ ಸಿಕ್ಕಿಸಿಕೊಂಡರು. ಇನ್ನು ಕೆಲವರು ಆರೂ ತೋಟೆಗಳನ್ನು ಒಂದೇ ಏಟಿಗೆ ತುಂಬುವ ಪ್ರಿಡೋ ಸಾಧನ ಕೊಂಡರು. ಆರು ಗುಂಡಿನ ನಂತರ ಏನು ಎಂಬ ಹಳೆಯ ಭಯ ಹಾಗೆಯೇ ಇತ್ತು.

ಯುದ್ಧ ಮುಗಿದ ಮೇಲೆ ಸೇನೆಗೆ ಒಂದು ಮಾತು ಮನದಟ್ಟಾಗಿತ್ತು: ಅಷ್ಟು ಭಾರದ ರಿವಾಲ್ವರನ್ನು ಹೊಸಬರಿಗೆ ಬೇಗ ಕಲಿಸುವುದು ಕಷ್ಟ. ವೆಬ್ಲಿ .38 ಬೋರಿನ ಹಗುರ ಮಾದರಿಯನ್ನು ಮುಂದಿಟ್ಟಿತು. ಸರ್ಕಾರ ಅದನ್ನು ನೋಡಿ, ತಿದ್ದಿ, 1932ರಲ್ಲಿ ತನ್ನದೇ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಹೆಚ್ಚುಕಡಿಮೆ ಅದೇ ರೂಪದ ರಿವಾಲ್ವರ್ ಹೊರತಂದಿತು. ವೆಬ್ಲಿ ಪರಿಹಾರ ಕೇಳಿತು, ಕೊನೆಗೆ 1,250 ಪೌಂಡ್ ಸಿಕ್ಕಿತು. ಎರಡನೇ ಮಹಾಯುದ್ಧ ಬಂದಾಗ ಎನ್‌ಫೀಲ್ಡ್ ಒಂದರಿಂದಲೇ ಬೇಡಿಕೆ ತೀರಲಿಲ್ಲ. ಸರ್ಕಾರ ಮತ್ತೆ ವೆಬ್ಲಿಯ ಬಾಗಿಲು ತಟ್ಟಿತು. 1950ರ ದಶಕದಲ್ಲಿ ಹದಿಮೂರು ಗುಂಡಿನ ಬ್ರೌನಿಂಗ್ ಪಿಸ್ತೂಲು ಬಂದ ಮೇಲೆ ರಿವಾಲ್ವರುಗಳ ಕಾಲ ಮುಗಿಯುತ್ತ ಬಂತು.

ಖಾಲಿ ಗೂಡುಗಳು

ಸಾಮ್ರಾಜ್ಯ ಹೋಯಿತು, ಅದರ ಚಿಲಕ ಇಲ್ಲೇ ಉಳಿಯಿತು. ಸೇನೆ, ಪೊಲೀಸರು ಬಳಸುವ ಬೋರ್‌ಗಳು ಸಾಮಾನ್ಯರ ಲೈಸೆನ್ಸಿಗೆ ಸಿಗುವುದಿಲ್ಲವಾದ್ದರಿಂದ, ವೆಬ್ಲಿಯ .38 ಮಾದರಿಯನ್ನೇ .32ಕ್ಕೆ ಇಳಿಸಿ ನಮ್ಮ ಸರ್ಕಾರಿ ಆಯುಧ ಕಾರ್ಖಾನೆ ಕಾನ್ಪುರದಲ್ಲಿ ರಿವಾಲ್ವರ್ ತಯಾರಿಸಿತು. 2012ರ ದೆಹಲಿಯ ಸಾಮೂಹಿಕ ಅತ್ಯಾಚಾರದ ಕ್ರೌರ್ಯದ ನಂತರ, 2014ರಲ್ಲಿ ಮಹಿಳೆಯರ ರಕ್ಷಣೆಗೆಂದು ಕಾನ್ಪುರದಿಂದಲೇ ಬಂದ ಹಗುರವಾದ ‘ನಿರ್ಭೀಕ್’ ಕೂಡ .32 ಬೋರಿನದೇ. ಭಯ ಬೇರೆ, ಹಿಡಿಯುವ ಕೈ ಬೇರೆ.

ಚುನಾವಣೆ ಘೋಷಣೆಯಾದಾಗ ಲೈಸೆನ್ಸ್ ಇರುವವರು ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಸೂಚನೆ ನಮ್ಮ ಜಿಲ್ಲೆಗಳಲ್ಲೂ ಹೊರಡುತ್ತದೆ. ಕೋವಿಯಾಗಲಿ, ರಿವಾಲ್ವರ್ ಆಗಲಿ, ಇನ್ನೊಬ್ಬರ ಕೈಗೆ ಕೊಡುವ ಮುನ್ನ ಮುರಿದು ತೋರಿಸುವುದು ಬಲ್ಲವರ ಶಿಸ್ತು. ಕೈಯಲ್ಲಿ ಖಾಲಿ ರಿವಾಲ್ವರ್ ಒಂದು ಗಳಿಗೆಯೂ ಉಳಿಯಬಾರದೆಂದು ಬರ್ಮಿಂಗ್‌ಹ್ಯಾಮಿನ ಕಮ್ಮಟದಲ್ಲಿ ಹುಟ್ಟಿದ ಆ ಬಾಗು, ಇಲ್ಲಿ ಠಾಣೆಯ ಮೇಜಿನ ಮುಂದೆ ಅದು ಖಾಲಿಯೆಂದು ಸಾರಲು ಬಳಕೆಯಾಗುತ್ತದೆ. ಹೆಬ್ಬೆರಳು ಸನ್ನೆಯನ್ನು ಒತ್ತುತ್ತದೆ, ನಳಿಗೆ ತಲೆ ಬಾಗಿಸುತ್ತದೆ. ಆರು ಗೂಡುಗಳ ಮೂಲಕ ಆಚೆಯ ಬೆಳಕು ಕಾಣುತ್ತದೆ. ವೆಬ್ಲಿಯನ್ನು ನೋಡಲು ಅದಕ್ಕಿಂತ ಒಳ್ಳೆಯ ಭಂಗಿ ಇನ್ನೊಂದಿಲ್ಲ.