ಗಂಡನ ಸಂಬಳ, ಹೆಂಡತಿಯ ಭತ್ಯೆ

ಜರ್ಮನಿಯಲ್ಲಿ 2005ರ ಜನವರಿ 1ರಿಂದ ನಿರುದ್ಯೋಗ ಭತ್ಯೆಯ ನಿಯಮಗಳು ಬದಲಾದವು. ಗೆರ್ಹಾರ್ಡ್ ಶ್ರೋಡರ್ ಸರ್ಕಾರದ ಈ ಸುಧಾರಣೆಗೆ ‘ಹಾರ್ಟ್ಸ್ 4’ ಎಂದೇ ಹೆಸರು. ಅದಕ್ಕೆ ಸಲಹೆ ಕೊಟ್ಟ ಸಮಿತಿಯ ಅಧ್ಯಕ್ಷ ಪೀಟರ್ ಹಾರ್ಟ್ಸ್ ಅವರಿಂದ ಈ ಹೆಸರು ಬಂತು. ಕಾನೂನಿನಲ್ಲಿ ಗಂಡು ಹೆಣ್ಣೆಂಬ ಭೇದವಿರಲಿಲ್ಲ. ಆದರೂ ಏಟು ಇಬ್ಬರಿಗೂ ಸಮನಾಗಿ ಬೀಳಲಿಲ್ಲ.

ಅದಕ್ಕೆ ಮೊದಲು, ವಿಮೆಯಿಂದ ಬರುವ ಭತ್ಯೆಯ ಅವಧಿ ಮುಗಿದ ಮೇಲೂ ಹಿಂದಿನ ಕೈಸಂಬಳದ ಶೇ 53, ಮಕ್ಕಳಿದ್ದರೆ ಶೇ 57ರಷ್ಟು ನೆರವು ಸಿಗುತ್ತಿತ್ತು. ಅದು ರದ್ದಾಗಿ ಎಲ್ಲರಿಗೂ ಒಂದೇ ದರ ಬಂತು: ಪಶ್ಚಿಮ ಭಾಗದಲ್ಲಿ ಒಂಟಿ ವ್ಯಕ್ತಿಗೆ ತಿಂಗಳಿಗೆ 345 ಯೂರೊ, ಜೊತೆಗೆ ಮನೆ ಬಾಡಿಗೆ. ಸಂಗಾತಿಯ ಆದಾಯವನ್ನು ಹಿಂದೆಯೂ ನೋಡುತ್ತಿದ್ದರು, ಈಗ ಆ ಲೆಕ್ಕ ಬಿಗಿಯಾಯಿತು. ಪಶ್ಚಿಮ ಜರ್ಮನಿಯಲ್ಲಿ ಗಂಡ ಪೂರ್ಣಾವಧಿ, ಹೆಂಡತಿ ಅರೆಕಾಲಿಕ ದುಡಿಯುವುದು ಸಾಮಾನ್ಯ. ಕೆಲಸ ಹೋದ ಗಂಡನಿಗೆ ಹೆಂಡತಿಯ ಸಣ್ಣ ಸಂಬಳ ಅಷ್ಟಾಗಿ ಅಡ್ಡ ಬರುವುದಿಲ್ಲ. ಕೆಲಸ ಹೋದ ಹೆಂಡತಿಗೆ ಮಾತ್ರ ಗಂಡನ ಸಂಬಳವೇ ಅಡ್ಡಗೋಡೆ. ವರ್ಷಗಟ್ಟಲೆ ದುಡಿದು ವಿಮೆ ಕಂತು ಕಟ್ಟಿದವಳ ಕೈಗೆ ಸೊನ್ನೆ ಬಂದದ್ದೂ ಉಂಟು. ಬಡತನವನ್ನು ಮನೆಯ ಲೆಕ್ಕದಲ್ಲಿ ಅಳೆಯಬಹುದು, ನಿಜ. ಆದರೆ ಕೆಲಸ ಕಳೆದುಕೊಳ್ಳುವುದು ಮನೆಯಲ್ಲ, ಒಬ್ಬ ಮನುಷ್ಯ.

ಇದಕ್ಕಿಂತ ಸೂಕ್ಷ್ಮವಾದದ್ದು ತೆರಿಗೆಯ ಲೆಕ್ಕ. ಅಲ್ಲಿ 1958ರಿಂದ ದಂಪತಿಯ ಆದಾಯ ಕೂಡಿಸಿ, ಅರ್ಧ ಮಾಡಿ ತೆರಿಗೆ ಹಾಕುವ ಪದ್ಧತಿಯಿದೆ. ತಿಂಗಳ ಕಡಿತಕ್ಕೆ ಹೆಚ್ಚು ದುಡಿಯುವವರು ಮೂರನೆಯ ವರ್ಗವನ್ನೂ ಕಡಿಮೆ ದುಡಿಯುವವರು ಐದನೆಯ ವರ್ಗವನ್ನೂ ಆರಿಸಿಕೊಳ್ಳಬಹುದು. ಮೂಲ ವಿನಾಯಿತಿಯೆಲ್ಲ ಮೂರನೆಯ ವರ್ಗದ ಪಾಲು. ಐದನೆಯದರಲ್ಲಿ ಕಡಿತ ಜೋರು, ಅಲ್ಲಿರುವವರು ಹೆಚ್ಚಾಗಿ ಹೆಂಗಸರು. ವರ್ಷದ ಕೊನೆಗೆ ತೆರಿಗೆಯೇನೋ ಸರಿಹೊಂದುತ್ತದೆ. ವಿಮೆಯ ಭತ್ಯೆ ಸರಿಹೊಂದುವುದಿಲ್ಲ, ಏಕೆಂದರೆ ಅದು ಆ ವರ್ಗದ ಕಡಿತ ಕಳೆದ ಸಂಬಳದ ಶೇ 60, ಮಕ್ಕಳಿದ್ದರೆ ಶೇ 67. ಒಬ್ಬ ಗಂಡಸೂ ಒಬ್ಬ ಹೆಂಗಸೂ ತಲಾ 2000 ಯೂರೊ ದುಡಿಯುತ್ತಿದ್ದರು ಎನ್ನಿ. ಅವನು ಮೂರನೆಯ ವರ್ಗದಲ್ಲಿ, ಅವಳು ಐದನೆಯದರಲ್ಲಿ ಇದ್ದರೆ, ಅವಳ ಭತ್ಯೆ ತಿಂಗಳಿಗೆ ನೂರಕ್ಕೂ ಹೆಚ್ಚು ಯೂರೊ ಕಡಿಮೆ. ಸುಧಾರಣೆಯ ಸದ್ದಿನಲ್ಲಿ ಈ ಹಳೆಯ ಅನ್ಯಾಯವನ್ನು ಯಾರೂ ಮುಟ್ಟಲಿಲ್ಲ ಎಂಬುದೇ ನನಗೆ ನೋವಿನ ಸಂಗತಿ.

ಇದೇ ಸುಧಾರಣೆಗಳ ಸರಣಿಯಲ್ಲಿ 2003ರಲ್ಲಿ ‘ಮಿನಿ ಜಾಬ್’ ಎಂಬ ಸಣ್ಣ ಕೆಲಸಗಳ ತಿಂಗಳ ಸಂಬಳದ ಮಿತಿ 400 ಯೂರೊಗೆ ಏರಿತು. ಅಂಗಡಿ, ಹೋಟೆಲು, ಮನೆಗೆಲಸಗಳಲ್ಲಿ ಇಂಥ ಕೆಲಸ ಹಿಡಿದವರಲ್ಲಿ ಹೆಂಗಸರೇ ಹೆಚ್ಚು. ಅದಕ್ಕೆ ನಿರುದ್ಯೋಗ ವಿಮೆ ಇಲ್ಲ. 2020ರ ಕೊರೊನಾ ಲಾಕ್‌ಡೌನ್‌ನಲ್ಲಿ ಹೋಟೆಲುಗಳು ಮುಚ್ಚಿದಾಗ, ವಿಮೆಯಿದ್ದ ನೌಕರರಿಗೆ ಆ ನಿಧಿಯಿಂದ ಸಂಬಳದ ಒಂದು ಪಾಲು ಬಂತು. ಮಿನಿ ಜಾಬಿನವರಿಗೆ ಅದರಿಂದ ಒಂದು ಯೂರೊವೂ ಬರಲಿಲ್ಲ.